ಗುಂಡಿನ ಸದ್ದು ಕೇಳಿದಾಗ

ಹೋದ ಕಾರ್ತಿಕದ ಉತ್ಥಾನ ದ್ವಾದಶಿಯ ಸಂಜೆ ನಮ್ಮ ಮನೆಯಲ್ಲಿ ಎಂದಿನಂತೆ ತುಲಸೀಪೂಜೆ ನಡೆಯಿತು. ನೋಯ್ಡಾದ ಬಹುಮಹಡಿ ಕಟ್ಟಡದ ಮೇಲಂತಸ್ತಿನ ಮನೆಯಲ್ಲಿ ವೃಂದಾವನವೆಂದರೆ ಬಾಲ್ಕನಿಯ ಮಣ್ಣಿನ ಕುಂಡವೇ ಸರಿ. ಒಂದು ಕಬ್ಬಿನ ಜಲ್ಲೆ, ಕಷ್ಟಪಟ್ಟು ಸಂಪಾದಿಸಿದ ನೆಲ್ಲಿಯ ಕೊಂಬೆ, ನಾಲ್ಕು ಹಣತೆ, ಅವಲಕ್ಕಿ, ಕೋಸಂಬರಿ. ಇಷ್ಟು ಕೂಡಿದರೆ ಊರು ಬಿಟ್ಟು ಬಂದ ನಮಗೆ ಊರೇ ಬಂದ ಹಾಗಾಗುತ್ತದೆ. ಕೆಳಗಿನ ಮನೆಯ ಮೇಜರ್ ಸಾಹೇಬರನ್ನು ಪ್ರಸಾದಕ್ಕೆ ಕರೆದಿದ್ದೆವು. ಅವರು ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಬಹುಕಾಲವಾಯಿತು. ಅಮೆರಿಕದ ಟೆಕ್ಸಾಸಿನಲ್ಲಿ ಸಂಸಾರ ಹೂಡಿರುವ ಅವರ ಮಗಳು, ಬಂಧುಗಳ ಮದುವೆಗೆಂದು ಬಂದವಳು, ತನ್ನ ಒಂಬತ್ತು ವರ್ಷದ ಮಗನೊಡನೆ ಬಂದಿದ್ದಳು.

ನಮ್ಮ ತುಲಸೀಪೂಜೆಯ ಹೊತ್ತಿಗೇ ಈ ಸೀಮೆಯಲ್ಲಿ ಮದುವೆಯ ಕಾಲ ಪ್ರಾರಂಭವಾಗುತ್ತದೆ. ದೇವರು ಎದ್ದನೆಂದರೆ ಬ್ಯಾಂಡಿನವರೂ ಎದ್ದರೆಂದು ಅರ್ಥ. ಮಂಗಳಾರತಿ ಮುಗಿಯುವಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಒಂದು ಬಾರಾತು ಬಂತು. ಕುದುರೆಯ ಮೇಲೆ ಮದುಮಗ, ತಲೆಯ ಮೇಲೆ ದೀಪದ ಗೊಂಚಲು ಹೊತ್ತ ಆಳುಗಳು, ನಡುವೆ ಕುಣಿಯುವ ನೆಂಟರು. ಅದರ ನಡುವೆ ಢಂ ಢಂ ಎಂದು ನಾಲ್ಕೈದು ಸದ್ದು. ನಾವು ಪಟಾಕಿಯೆಂದು ಬಗೆದು ಅವಲಕ್ಕಿಯ ಕಡೆಗೆ ಗಮನ ಕೊಟ್ಟೆವು. ಮೇಜರ್ ಸಾಹೇಬರು ಮಾತ್ರ ತಟ್ಟೆ ಕೆಳಗಿಟ್ಟು, "ಇದು ಪಟಾಕಿಯಲ್ಲ, ಪಿಸ್ತೂಲು," ಎಂದರು.

ಆಗಲೇ ಕೋಣೆಯ ದೀಪ ಆರಿತು. ಕರೆಂಟು ಹೋಯಿತೆಂದುಕೊಂಡೆವು, ಬಾಲ್ಕನಿಯ ದೀಪ ಉರಿಯುತ್ತಲೇ ಇತ್ತು. ಹುಡುಗನಿಲ್ಲ, ನಮ್ಮ ಐದು ವರ್ಷದ ಮೊಮ್ಮಗಳೂ ಇಲ್ಲ. ಸ್ವಿಚ್ಚು ಹಾಕಿ ಹುಡುಕಿದರೆ ಇಬ್ಬರೂ ಊಟದ ಮೇಜಿನ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಾರೆ. ಹುಡುಗ ಒಂದು ಕೈಯಿಂದ ಮಗುವನ್ನು ಅಪ್ಪಿಕೊಂಡು ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟಿದ್ದಾನೆ. ನಮ್ಮ ಮೊಮ್ಮಗಳಿಗೆ ಇದೊಂದು ಹೊಸ ಆಟ. ಅವಳ ಮುಖದಲ್ಲಿ ನಗು. ಅವನ ಮುಖದಲ್ಲಿ ನಗುವಿರಲಿಲ್ಲ.

"ಏನಪ್ಪಾ ಇದು?" ಎಂದು ನಮ್ಮ ಮನೆಯವರು ಕೇಳಿದರು.

"ಶಾಲೆಯಲ್ಲಿ ಕಲಿಸಿದ್ದಾರೆ, ಅಜ್ಜಿ. ಮೊದಲು ದೀಪ ಆರಿಸಬೇಕು. ಬಾಗಿಲಿಂದ ಕಾಣದ ಕಡೆ ಕೂರಬೇಕು. ಚಿಕ್ಕವರು ಮಾತಾಡದ ಹಾಗೆ ನೋಡಿಕೊಳ್ಳಬೇಕು," ಎಂದ. ಪಾಠ ಒಪ್ಪಿಸುವ ಹುಡುಗನ ಧ್ವನಿಯೇ ಅದು.

ಕೆಳಗೆ ಬ್ಯಾಂಡು ಮುಂದೆ ಸಾಗಿತು. ನಾವು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂದು ಪ್ರಸಾದದ ಜತೆಗೆ ನಡೆದ ಮಾತುಕತೆ ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಆ ಮಾತುಕತೆಯನ್ನೂ, ಅದರಿಂದ ನಮಗೆ ತೋರಿದ್ದನ್ನೂ ವಾಚಕರ ಮುಂದಿಡುವುದೇ ಈ ಸಲದ ನಮ್ಮ ಕೆಲಸ.

ಮೊದಲು ಹುಡುಗನ ತಾಯಿಯ ಮಾತು. "ನಮ್ಮ ಅಕ್ಕಪಕ್ಕದವರು ಬಹಳ ಒಳ್ಳೆಯ ಜನ, ಅಂಕಲ್," ಎಂದಳು ಆಕೆ. "ನನಗೆ ಜ್ವರ ಬಂದರೆ ಊಟ ತಂದುಕೊಡುತ್ತಾರೆ. ಅವರ ಮನೆಯಲ್ಲಿ ನಾಲ್ಕು ಬಂದೂಕುಗಳಿವೆ. ಇವನನ್ನು ಯಾರ ಮನೆಗಾದರೂ ಆಡಲು ಕಳಿಸುವ ಮುಂಚೆ, ನಿಮ್ಮಲ್ಲಿ ನಾಯಿ ಇದೆಯೇ ಎಂದು ಕೇಳುವ ಹಾಗೆ, ಬಂದೂಕು ಇದೆಯೇ, ಬೀಗ ಹಾಕಿದ್ದೀರಾ ಎಂದು ಕೇಳುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಅಭ್ಯಾಸವಾಗಿದೆ."

ಅಲ್ಲಿಯ ಸಂವಿಧಾನದ ಎರಡನೆಯ ತಿದ್ದುಪಡಿ 1791ರಷ್ಟು ಹಳೆಯದು. ದೇಶವನ್ನು ಕಾಯುವ ಜನಸೇನೆಯ ಮಾತಿನಿಂದ ಅದು ಮೊದಲಾಗುತ್ತದೆ. ಜನರು ಆಯುಧ ಇಟ್ಟುಕೊಳ್ಳುವ ಹಕ್ಕಿನ ಮಾತಿನಲ್ಲಿ ಮುಗಿಯುತ್ತದೆ. ಈ ಎರಡು ಮಾತುಗಳಲ್ಲಿ ಯಾವುದು ಮುಖ್ಯವೆಂದು ಅವರು ಇನ್ನೂರು ವರ್ಷಕ್ಕೂ ಮೇಲ್ಪಟ್ಟು ವಾದಿಸಿದರು. 2008ರಲ್ಲಿ ಅವರ ಸರ್ವೋಚ್ಚ ನ್ಯಾಯಾಲಯ, ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ಒಬ್ಬೊಬ್ಬ ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿತು. 2022ರಲ್ಲಿ ಮನೆಯ ಹೊರಗೆ ಒಯ್ಯುವ ಹಕ್ಕನ್ನೂ ಎತ್ತಿಹಿಡಿಯಿತು. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಸ್ಥೆಯವರು 2017ಕ್ಕೆ ಮಾಡಿದ ಅಂದಾಜಿನಂತೆ ಅಲ್ಲಿ 100 ಜನರಿಗೆ ಸುಮಾರು 120 ಬಂದೂಕುಗಳು. ತಲೆಗಿಂತ ಕೋವಿ ಹೆಚ್ಚು! ಭಾರತದಲ್ಲಿ, ಕಳ್ಳ ಆಯುಧಗಳನ್ನೂ ಸೇರಿಸಿ, 100 ಜನರಿಗೆ ಸುಮಾರು 5.

ಇಷ್ಟು ಬಂದೂಕುಗಳ ನಡುವೆ ಅಲ್ಲಿಯವರು ದಿನವೂ ಒಬ್ಬರನ್ನೊಬ್ಬರು ಕೊಲ್ಲುತ್ತಿರುವರೆಂದು ದೂರದಿಂದ ನೋಡುವ ನಮಗೆ ತೋರುವುದು ಸಹಜ. ಆದರೆ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಳ್ಳುವವರು. ಪತ್ರಿಕೆಯ ಮೊದಲ ಪುಟಕ್ಕೆ ಬರುವುದು ಮಾತ್ರ ಶಾಲೆಗಳ ಸುದ್ದಿ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಹತರಾದರು. 2022ರಲ್ಲಿ ಟೆಕ್ಸಾಸಿನ ಯುವಾಲ್ಡಿಯಲ್ಲಿ 19 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಹತರಾದರು. ಆದುದರಿಂದಲೇ ನಮ್ಮ ಮೇಜಿನ ಕೆಳಗೆ ಅಡಗಿದ ಹುಡುಗನಿಗೆ ಮಗ್ಗಿಯ ಜತೆಗೆ ಈ ಪಾಠವೂ ಬಂದಿದೆ.

ಈ ಮಾತು ನಡೆಯುತ್ತಿದ್ದಾಗ ನಮ್ಮ ಮನೆಯವರು ಮೇಜರ್ ಸಾಹೇಬರ ಕಡೆ ತಿರುಗಿ, "ನಿಮ್ಮಲ್ಲಿಯೂ ಮನೆಮನೆಗೆ ಕೋವಿ ಉಂಟಂತಲ್ಲ? ಹಬ್ಬಕ್ಕೂ ಗುಂಡು ಹಾರಿಸುತ್ತಾರಂತೆ?" ಎಂದು ಕೇಳಿಬಿಟ್ಟರು. ಮೇಜರ್ ಸಾಹೇಬರು ಬೇಸರಪಟ್ಟುಕೊಳ್ಳಲಿಲ್ಲ.

"ಹಾರಿಸುತ್ತೇವಮ್ಮ. ಆದರೆ ನಮ್ಮಲ್ಲಿ ಗುಂಡಿನ ಸದ್ದಿಗೆ ಅರ್ಥವಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು. ಆ ಮಗುವಿನ ಕೈಗೆ ಹರಳುಗಿಡದ ದಂಟಿನ ಬಿಲ್ಲು ಮುಟ್ಟಿಸುತ್ತೇವೆ. ಸಾವಾದರೆ ಒಂದರ ಹಿಂದೆ ಒಂದು, ಎರಡು ಗುಂಡು. ನಮ್ಮ ಮನೆಗಳು ಒಂದೊಂದು ಗದ್ದೆಯ ಕೊನೆಗೆ ಒಂದೊಂದು. ಫೋನಿಲ್ಲ, ರಸ್ತೆಯಿಲ್ಲ. ಎರಡು ಗುಂಡು ಕೇಳಿತೋ, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಆ ದಿಕ್ಕಿಗೆ ಓಡುವುದು. ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಒಂದು ಗುಂಡು. ಇಷ್ಟೇ. ಆಮೇಲೆ ಕೋವಿ ಗೋಡೆಗೆ."

ಕೊಡಗಿನ ಈ ಕೋವಿಗೆ ಒಂದು ಹಬ್ಬವೂ ಉಂಟು. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದು. ಅಂದು ಕೋವಿ, ಕತ್ತಿಗಳನ್ನು ತೊಳೆದು ದೀಪದ ಮುಂದಿಟ್ಟು ಪೂಜಿಸುತ್ತಾರೆ. ಕಾಡಿನಂಚಿನ ಕೆಂಪು ಹಳದಿಯ ಹೂವೊಂದನ್ನು ಕೋವಿಯ ನಳಿಗೆಗೆ ಸಿಕ್ಕಿಸುತ್ತಾರೆ. ಆ ಹೂವಿಗೇ ಅವರ ಭಾಷೆಯಲ್ಲಿ ತೋಕ್ ಪೂ, ಎಂದರೆ ಕೋವಿಯ ಹೂವು, ಎಂದು ಹೆಸರು. ಯಾರನ್ನು ಕೆಣಕಬಾರದು, ಯಾರ ಕೈಬಿಡಬಾರದು ಎಂಬ ಬುದ್ಧಿಮಾತು ಹೇಳಿ ಹಿರಿಯರು ಕೋವಿಯನ್ನು ಕಿರಿಯರ ಕೈಗೆ ಕೊಡುತ್ತಾರೆ. ಹಿಂದೆ ಆಮೇಲೆ ಬೇಟೆಗೆ ಹೊರಡುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯ ಅನಂತರ ಬೇಟೆಯಿಲ್ಲ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ಮಾತ್ರ ಉಳಿದಿದೆ. ಹೆಂಗಸರೂ ಹೊಡೆಯುತ್ತಾರೆ, ಹಲವರು ಗಂಡಸರನ್ನು ಸೋಲಿಸುತ್ತಾರೆ.

ಇಡೀ ದೇಶಕ್ಕೆ ಇರುವ ಪರವಾನಗಿಯ ಕಟ್ಟು ಕೊಡವರಿಗಿಲ್ಲ, ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇಲ್ಲವೆಂಬುದು ಅನೇಕ ವಾಚಕರಿಗೆ ತಿಳಿದಿರಬಹುದು. ಅವರು ಪರವಾನಗಿಗೆ ಬದಲಾಗಿ ಜಿಲ್ಲಾಧಿಕಾರಿಗಳಿಂದ ವಿನಾಯಿತಿ ಪತ್ರ ಪಡೆದರೆ ಸಾಕು. ಇದರ ಮೂಲ ಇಂಗ್ಲಿಷರ ಕಾಲದ್ದು. 1861ರಲ್ಲಿ ಮಾರ್ಕ್ ಕಬ್ಬನ್, ಆಯುಧ ಕಿತ್ತುಕೊಳ್ಳುವ ಕಾಯಿದೆಯಿಂದ ಕೊಡವರನ್ನು ಹೊರಗಿಟ್ಟನು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆ ಬಂದ ಮೇಲೂ ವಿನಾಯಿತಿ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿದೆ. ಇದು ಸಮಾನತೆಗೆ ವಿರೋಧವೆಂದು ಕೆಲವರು ಮೊಕದ್ದಮೆ ಹೂಡಿದಾಗ, 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು.

ಇಲ್ಲಿ ನಮ್ಮ ನಾಡಿನ ಇನ್ನೊಂದು ಊರನ್ನು ನೆನೆಯದೆ ಮುಂದೆ ಹೋಗುವುದು ತರವಲ್ಲ. ಕೊಡಗಿಗೆ ವಿನಾಯಿತಿ ದೊರೆಯುವುದಕ್ಕೆ ನಾಲ್ಕು ವರ್ಷ ಮುಂಚೆ, 1857ರ ನವೆಂಬರಿನಲ್ಲಿ, ಮುಧೋಳ ಸೀಮೆಯ ಹಲಗಲಿಯ ಬೇಡರು ಇದೇ ಬಗೆಯ ಕಾಯಿದೆಯ ಎದುರು ನಿಂತರು. ಬೇಟೆಯೇ ಬದುಕಾದವರಿಗೆ ಆಯುಧವೆಂದರೆ ಕೈಕಾಲಿದ್ದ ಹಾಗೆ, ಕೊಡೆವೆಂದರು. ಇಂಗ್ಲಿಷರ ದಂಡು ಬಂತು. ಊರು ಸುಟ್ಟಿತು, ಮುಂದಾಳುಗಳು ಗಲ್ಲಿಗೇರಿದರು. ಉತ್ತರ ಕರ್ನಾಟಕದ ಲಾವಣಿಕಾರರು ಆ ಕಥೆಯನ್ನು ಹಾಡುತ್ತ ಬಂದಿದ್ದಾರೆ. ಒಂದೇ ಸರ್ಕಾರ, ಒಂದೇ ಕಾಲ. ತನಗೆ ನಿಷ್ಠರೆಂದು ಬಗೆದವರಿಗೆ ಕೋವಿ ಬಿಟ್ಟಿತು, ಅಲ್ಲವೆಂದು ಬಗೆದವರಿಗೆ ಹಗ್ಗ ಹಾಕಿತು. ಕೋವಿಯ ವಿಷಯದಲ್ಲಿ ಜನರ ಮನೋಧರ್ಮ ದೇಶದಿಂದ ದೇಶಕ್ಕೆ ಬೇರೆಯಾಗುವುದು ರಕ್ತದಿಂದಲ್ಲ, ಇಂಥ ಹಳೆಯ ನಂಬಿಕೆ ಅಪನಂಬಿಕೆಗಳಿಂದ.

ಆ ಅಪನಂಬಿಕೆ 1878ರ ಆಯುಧ ಕಾಯಿದೆಯಲ್ಲಿ ಇಡೀ ದೇಶಕ್ಕೆ ಹಬ್ಬಿತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನನಿಗೆ ಬೇಡ. ಇದನ್ನು ನಮ್ಮ ಹಿರಿಯರು ಅವಮಾನವೆಂದು ಭಾವಿಸಿದರು. ಅಹಿಂಸೆಯ ಗಾಂಧೀಜಿಯವರೇ ಆ ಕಾಯಿದೆಯನ್ನು ಕಟುವಾಗಿ ಖಂಡಿಸಿದ್ದರೆಂಬುದು ಇಂದಿನವರಿಗೆ ಆಶ್ಚರ್ಯವಾದೀತು. 1931ರ ಕರಾಚಿ ಕಾಂಗ್ರೆಸ್ಸು ಪ್ರಜೆಯ ಹಕ್ಕುಗಳ ಪಟ್ಟಿಯಲ್ಲಿ, ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿತ್ತು.

ಮುಂದೆ ನಮ್ಮ ದೆಹಲಿಯಲ್ಲಿಯೇ ಆ ಹಕ್ಕಿನ ಚರ್ಚೆ ನಡೆಯಿತು. 1948ರ ಡಿಸೆಂಬರ್ ಮೊದಲಲ್ಲಿ ಸಂವಿಧಾನ ಸಭೆ ಮೂಲಭೂತ ಹಕ್ಕುಗಳನ್ನು ವಿಚಾರ ಮಾಡುತ್ತಿದ್ದಾಗ, ಕರಾಚಿಯ ಮಾತನ್ನು ಉಳಿಸಿಕೊಳ್ಳಬೇಕೆಂದು ತಿದ್ದುಪಡಿ ತಂದವರು ಹರಿ ವಿಷ್ಣು ಕಾಮತರು. ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಪದವಿಯನ್ನು ತೊರೆದು ಚಳವಳಿಗೆ ಧುಮುಕಿದವರು. ಡಾ. ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಅದೇ ವರ್ಷದ ಜನವರಿ 30ರಂದು, ಅದೇ ಊರಿನ ಬಿರ್ಲಾ ಭವನದ ಅಂಗಳದಲ್ಲಿ, ಒಂದು ಪಿಸ್ತೂಲಿನ ಮೂರು ಗುಂಡುಗಳು ಏನು ಮಾಡಿದ್ದವೆಂಬುದು ಸಭೆಯಲ್ಲಿ ಕುಳಿತವರಾರಿಗೂ ಮರೆತಿರಲಾರದು. ನಮ್ಮ ಸಂವಿಧಾನದಲ್ಲಿ ಉಳಿದದ್ದು ಶಾಂತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು. ಅಮೆರಿಕದವರು ಆಯುಧವನ್ನು ಹಕ್ಕಿನ ಒಳಗೆ ಬರೆದರು. ನಾವು ಹಕ್ಕಿನ ಹೊರಗೆ ಬರೆದೆವು.

ಬೇರೆ ದೇಶಗಳ ಮಾತನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಜಪಾನಿನಲ್ಲಿ 1588ರಷ್ಟು ಹಿಂದೆಯೇ ಹಿಡೆಯೋಷಿ ಎಂಬ ದೊರೆ ರೈತರ ಕತ್ತಿಗಳನ್ನು ಮನೆಮನೆಯಿಂದ ತೆಗೆಸಿದನು. ಇಂದಿಗೂ ಅಲ್ಲಿ ಒಂದು ಬೇಟೆಯ ಬಂದೂಕು ಬೇಕಾದರೆ ತರಗತಿಗೆ ಹೋಗಬೇಕು, ಪರೀಕ್ಷೆ ಬರೆಯಬೇಕು, ಮನಸ್ಸು ಸ್ವಸ್ಥವಾಗಿದೆಯೆಂದು ವೈದ್ಯರಿಂದ ಬರೆಸಿ ತರಬೇಕು. ಪೊಲೀಸರು ಮನೆಗೂ ಬಂದು ವಿಚಾರಿಸುತ್ತಾರೆ. ಬಂದೂಕಿನಿಂದ ಸಾಯುವವರು ಬಹುಪಾಲು ವರ್ಷಗಳಲ್ಲಿ ಬೆರಳೆಣಿಕೆಯಷ್ಟು. ಹೀಗಿದ್ದೂ 2022ರಲ್ಲಿ ಮಾಜಿ ಪ್ರಧಾನಿ ಅಬೆಯವರನ್ನು ಒಬ್ಬನು ಮನೆಯಲ್ಲಿಯೇ ಮಾಡಿದ ಬಂದೂಕಿನಿಂದ ಕೊಂದನು.

ಸ್ವಿಟ್ಜರ್ಲೆಂಡಿನ ನಾಗರಿಕ ಸೈನಿಕನು ಸರ್ಕಾರದ ರೈಫಲನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದನ್ನು ಉಗ್ರಾಣಕ್ಕೆ ಒಪ್ಪಿಸಬೇಕೆಂಬ ಸಲಹೆಯನ್ನು 2011ರಲ್ಲಿ ಜನಮತ ತಳ್ಳಿಹಾಕಿತು. ಕೊಡಗಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸೆಪ್ಟೆಂಬರಿನಲ್ಲಿಯೇ ಜೂರಿಚ್ ನಗರದಲ್ಲಿ ಹದಿಮೂರರಿಂದ ಹದಿನೇಳರ ಹುಡುಗ ಹುಡುಗಿಯರಿಗೆ ಗುರಿ ಹೊಡೆಯುವ ಹಬ್ಬ ನಡೆಯುತ್ತದೆ. ಬ್ರಿಟನ್ನಿನವರು ಮಾತ್ರ, 1996ರಲ್ಲಿ ಡನ್‌ಬ್ಲೇನಿನ ಶಾಲೆಯಲ್ಲಿ 16 ಮಕ್ಕಳೂ ಅವರ ಉಪಾಧ್ಯಾಯಿನಿಯೂ ಹತರಾದ ಮರುವರ್ಷವೇ ಪಿಸ್ತೂಲನ್ನು ನಿಷೇಧಿಸಿದರು. 1996ರಲ್ಲಿಯೇ ಪೋರ್ಟ್ ಆರ್ಥರಿನಲ್ಲಿ 35 ಮಂದಿ ಸತ್ತಾಗ, ಆಸ್ಟ್ರೇಲಿಯದ ಸರ್ಕಾರ ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆದು ನಾಶಮಾಡಿಸಿತು.

ಹೀಗೆ ನೋಡಿದರೆ, ಹೆಚ್ಚು ಕೋವಿಯಿದ್ದಲ್ಲೆಲ್ಲ ಒಂದೇ ಕಥೆಯಿಲ್ಲ. ಹಾಗಾದರೆ ವ್ಯತ್ಯಾಸವೆಲ್ಲಿ? ಮೇಜರ್ ಸಾಹೇಬರು ಹೇಳಿದ ಒಂದು ಪ್ರಸಂಗದಿಂದ ನಮಗೆ ಸ್ವಲ್ಪ ಬೆಳಕು ದೊರೆಯಿತು. ಅವರ ಎಳವೆಯಲ್ಲಿ, ಒಂದು ಹಬ್ಬದ ರಾತ್ರಿ, ಅವರ ಅಣ್ಣ ಕುಡಿದ ಮತ್ತಿನಲ್ಲಿ ದಾಯಾದಿಯೊಬ್ಬನ ಕಡೆಗೆ ಕೋವಿ ತೋರಿಸಿದನಂತೆ. ಗುಂಡು ಹಾರಲಿಲ್ಲ, ತೋಟೆಯೂ ಇರಲಿಲ್ಲ. ಆದರೂ ಮರುದಿನ ಬೆಳಗ್ಗೆ ಮನೆತನದ ಹಿರಿಯರಾದ ಪಟ್ಟೆದಾರರು ಐನ್‌ಮನೆಯಲ್ಲಿ ಎಲ್ಲರನ್ನೂ ಕೂಡಿಸಿ, ಆ ಕೋವಿಯನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಮೂರು ಕೈಲ್‌ಪೊಳ್ದು ಕಳೆದವು. ಅಣ್ಣ ಮೂರು ಸಲವೂ ಬರಿಗೈಯಲ್ಲಿ ನಿಂತು ಪಂದ್ಯ ನೋಡಿದ. "ಸರ್ಕಾರ ಶಿಕ್ಷೆ ಕೊಟ್ಟಿದ್ದರೆ ಅವನಿಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ," ಎಂದರು ಮೇಜರ್ ಸಾಹೇಬರು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು: "ಆದರೆ ಸುಳ್ಳು ಹೇಳಬಾರದು. ಈಗ ಐನ್‌ಮನೆ ಖಾಲಿ. ಮಕ್ಕಳು ಬೆಂಗಳೂರಲ್ಲಿ, ಅಮೆರಿಕದಲ್ಲಿ. ತೋಟದಲ್ಲಿ ಒಬ್ಬನೇ ಕೂತಿರುತ್ತಾನೆ; ಎದುರಿಗೆ ಬಾಟಲಿ, ಗೋಡೆಯಲ್ಲಿ ಕೋವಿ. ಗಡಿಯ ತಕರಾರಿಗೆ, ಮನೆಯ ಜಗಳಕ್ಕೆ ಗುಂಡು ಹಾರಿದ ಸುದ್ದಿ ನಮ್ಮ ಕಡೆಯಿಂದಲೂ ಬರುತ್ತದೆ. ಕೋವಿ ಹಳೆಯದೇ. ಕೇಳುವ ಪಟ್ಟೆದಾರ ಇಲ್ಲ."

ನಮಗೆ ತೋರುವ ಮಾತು ಇದೇ. ಕೋವಿಗಳೆಷ್ಟು ಎಂಬುದೂ ದೊಡ್ಡ ಪ್ರಶ್ನೆಯೇ. ಆದರೆ ಅದರ ಜತೆಗೆ ಇನ್ನೊಂದನ್ನು ಕೇಳಬೇಕು. ಕೋವಿ ಹಿಡಿದವನು ಯಾರಿಗೆ ಜವಾಬು ಹೇಳಬೇಕು? ಕೊಡಗಿನಲ್ಲಿ ಮನೆತನಕ್ಕೆ ಹೇಳಬೇಕಾಗಿತ್ತು. ಸ್ವಿಟ್ಜರ್ಲೆಂಡಿನಲ್ಲಿ ತನ್ನ ಪಡೆಗೆ. ಜಪಾನಿನಲ್ಲಿ ಪೊಲೀಸರಿಗೂ ನೆರೆಯವರಿಗೂ. ಅಮೆರಿಕದಲ್ಲಿ, ಹಕ್ಕೆಂಬುದು ಪೂರ್ಣವಾಗಿ ಒಬ್ಬೊಬ್ಬನದೇ ಆದುದರಿಂದ, ಮುಕ್ಕಾಲು ಪಾಲು ತನ್ನ ಮನಸ್ಸಾಕ್ಷಿಗೆ. ಇನ್ನು ನಮ್ಮ ಈ ರಾಜಧಾನಿಯ ಸುತ್ತಿನಲ್ಲಿ?

2016ರ ಲೆಕ್ಕದಂತೆ ದೇಶದ ಸುಮಾರು 33 ಲಕ್ಷ ಆಯುಧ ಪರವಾನಗಿಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಉತ್ತರ ಪ್ರದೇಶದವು. ಇಲ್ಲಿ ಅನೇಕರಿಗೆ ಬಂದೂಕು ರಕ್ಷಣೆಗಿಂತ ಮರ್ಯಾದೆಯ ವಸ್ತು. ಹೆಗಲಿಗೆ ಶಾಲು ಹೊದ್ದಂತೆ. ಮದುವೆಯಲ್ಲಿ ಆಕಾಶಕ್ಕೆ ಹಾರಿಸಿದರೆ ಮನೆತನದ ಹೆಚ್ಚಳ ಹತ್ತು ಜನಕ್ಕೆ ಗೊತ್ತಾಗುತ್ತದೆ. ಇದಕ್ಕೆ ಹರ್ಷ್ ಫೈರಿಂಗ್ ಎಂಬ ಹೆಸರು ಬೇರೆ! ಮೇಲೆ ಹೋದ ಗುಂಡು ಮೇಲೆಯೇ ಉಳಿಯುವುದಿಲ್ಲ. ಅದು ಕೆಳಗಿಳಿದು ಮದುಮಗನನ್ನೋ, ವಾದ್ಯದವನನ್ನೋ, ಮಾಳಿಗೆಯಲ್ಲಿ ನೋಡುತ್ತ ನಿಂತ ಮಗುವನ್ನೋ ತಗುಲಿದ ಸುದ್ದಿ ಮದುವೆಯ ಕಾಲದಲ್ಲಿ ಬಾರದೆ ಇರುವುದು ಅಪರೂಪ. 2019ರ ಡಿಸೆಂಬರಿನಲ್ಲಿ ಆಯುಧ ಕಾಯಿದೆಯನ್ನು ತಿದ್ದಿ, ಒಬ್ಬನಲ್ಲಿ ಮೂರರ ಬದಲು ಎರಡೇ ಬಂದೂಕುಗಳಿರಬೇಕೆಂದೂ, ಸಂಭ್ರಮಕ್ಕೆಂದು ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದೂ ಮಾಡಿದ್ದಾರೆ. ಕಾಯಿದೆ ಚೆನ್ನಾಗಿಯೇ ಇದೆ. ಆದರೆ ಕಾಯಿದೆ ತಾನಾಗಿ ಬಾರಾತಿನ ಹಿಂದೆ ನಡೆಯುವುದಿಲ್ಲ.

ಇದು ನಮಗೆ ಹೇಗೆ ತಿಳಿಯಿತೆಂದರೆ, ಮರುದಿನ ಬೆಳಗ್ಗೆ ಮನೆಯಲ್ಲಿ ನೀರಿಲ್ಲ. ತಾರಸಿಗೆ ಹೋದರೆ, ಪ್ಲಾಸ್ಟಿಕ್ ತೊಟ್ಟಿಯ ಪಕ್ಕದಲ್ಲಿ ಹೊಳೆ ಹರಿದಿದೆ. ಕೊಳಾಯಿ ರಿಪೇರಿಯವನು ತೊಟ್ಟಿಯೊಳಗೆ ಕೈಹಾಕಿ, ಹುಣಿಸೆಬೀಜದಷ್ಟು ದೊಡ್ಡದಾದ ಸೀಸದ ತುಂಡೊಂದನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟ. "ಶಾದಿ ಕಾ ಸೀಜನ್ ಹೈ, ಸಾಬ್," ಎಂದ. ಮಾವಿನ ಕಾಲದಲ್ಲಿ ನೊಣ ಬರುವುದು ಸಹಜವೆನ್ನುವ ಹಾಗೆ. ಆ ತಾರಸಿಯಲ್ಲಿ ಹಿಂದಿನ ಸಂಜೆ ನಮ್ಮ ಮೊಮ್ಮಗಳು ಗಾಳಿಪಟ ಹಿಡಿದು ಆಡಿದ್ದಳು.

ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಠಾಣೆಗೆ ಹೋದೆವು. ಮರ್ಯಾದೆಯಿಂದಲೇ ಕೂರಿಸಿ ದೂರು ಬರೆದುಕೊಂಡರು. ಯಾವ ಬಾರಾತು? ಯಾವ ಹೊತ್ತು? ಹಾರಿಸಿದವನು ಹೇಗಿದ್ದ? ಎಂದು ಕೇಳಿದರು. ಅಂದು ಆ ರಸ್ತೆಯಲ್ಲಿ ನಾಲ್ಕು ಬಾರಾತುಗಳು ಹೋಗಿದ್ದವು. ನಮ್ಮ ಕಟ್ಟಡದಲ್ಲಿ ನೂರು ಬಾಲ್ಕನಿಗಳಿವೆ; ನೂರರಲ್ಲಿ ಒಬ್ಬರೂ ನೋಡಿರಲಿಲ್ಲ. ನಾವೂ ನೋಡಿರಲಿಲ್ಲ, ಅವಲಕ್ಕಿ ತಿನ್ನುತ್ತಿದ್ದೆವು. ದೂರನ್ನು ಹೊತ್ತು ಹೋದ ನಾವು ನಾಚಿಕೆಯನ್ನು ಹೊತ್ತು ಬಂದೆವು.

ಆಗ ನಮಗೆ ಹುಡುಗನು ಹಿಂದಿನ ರಾತ್ರಿ ಕೇಳಿದ ಪ್ರಶ್ನೆಯ ಅರ್ಥ ತಿಳಿಯಿತು. ತಾತನ ಕಥೆಯನ್ನೆಲ್ಲ ಕೇಳಿ ಅವನು, "ತಾತ, ಎರಡು ಗುಂಡು ಕೇಳಿದರೆ ನಿಮ್ಮೂರಲ್ಲಿ ಎಲ್ಲರೂ ಹೊರಗೆ ಓಡಿ ಬರುತ್ತಾರಾ? ಒಳಗೆ ಅಡಗುವುದಿಲ್ಲವಾ?" ಎಂದಿದ್ದ. ತಾತ, "ಯಾಕೆ ಅಡಗಬೇಕು ಮಗೂ? ಯಾರದೋ ಮನೆಯಲ್ಲಿ ದುಃಖವಾಗಿದೆ ಎಂದು ಅರ್ಥ," ಎಂದಿದ್ದರು. ಗುಂಡಿನ ಸದ್ದು ಕೇಳಿದಾಗ ಒಂದು ಕಡೆ ಜನರು ಸದ್ದಿನ ದಿಕ್ಕಿಗೆ ಓಡುತ್ತಾರೆ. ಇನ್ನೊಂದು ಕಡೆ ಮಕ್ಕಳು ದೀಪ ಆರಿಸಿ ಅಡಗುತ್ತಾರೆ. ಇಲ್ಲಿ ನಾವು ತಲೆಯನ್ನೂ ಎತ್ತುವುದಿಲ್ಲ. ಈ ಮೂರರಲ್ಲಿ ನಮ್ಮದೇ ಕನಿಷ್ಠವೆಂದು ನಮಗೆ ಅನ್ನಿಸುತ್ತದೆ. ಅಡಗುವ ಹುಡುಗನಿಗೆ ಗುಂಡೆಂದರೆ ಏನೆಂಬುದಾದರೂ ಗೊತ್ತು.

ಒಂದು ಮಾತು ಬಾಕಿ ಇದೆ. ಮುಂದಿನ ಕೈಲ್‌ಪೊಳ್ದಿಗೆ ಮೊಮ್ಮಗನನ್ನು ಊರಿಗೆ ಕರೆದೊಯ್ದು ಗುರಿ ಹೊಡೆಸಬೇಕೆಂಬುದು ಮೇಜರ್ ಸಾಹೇಬರ ಬಹುದಿನದ ಆಸೆ. ಆ ರಾತ್ರಿ ಅದನ್ನು ಹೇಳಿದಾಗ ಮಗಳು ಖಂಡಿತ ಬೇಡವೆಂದಳು. "ಅಪ್ಪ, ನಿಮಗೆ ಅದು ದೇವರ ಸಾಮಾನು. ಇವನಿಗೆ ಅದು ಶಾಲೆಗೆ ನುಗ್ಗುವ ವಸ್ತು. ಇವನ ಕೈಗೆ ಅದನ್ನು ಕೊಡಬೇಡಿ," ಎಂದಳು. ಮುದುಕರಿಗೆ ನೋವಾಯಿತು. ನಾವು ಯಾರ ಪಕ್ಷವನ್ನು ಹಿಡಿಯುವುದು? ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಅವರು ಹೊರಡುವ ದಿನ ವಿಮಾನ ನಿಲ್ದಾಣದ ದಾರಿಯಲ್ಲಿ ಇತ್ಯರ್ಥವಾಯಿತಂತೆ: ಹುಡುಗ ಬರಲಿ, ಹಬ್ಬ ನೋಡಲಿ, ನಳಿಗೆಗೆ ತೋಕ್ ಪೂ ಮುಡಿಸಲಿ, ಕೋವಿ ಹಿಡಿಯುವ ಮಾತು ಅವನೇ ದೊಡ್ಡವನಾಗಿ ಕೇಳಿದಾಗ. "ಮೂರು ವರ್ಷ ನಮ್ಮ ಅಣ್ಣನೇ ಬರಿಗೈಯಲ್ಲಿ ನಿಂತಿರಲಿಲ್ಲವೇ," ಎಂದು ಮೇಜರ್ ಸಾಹೇಬರು ನಕ್ಕರು. ಪೂರ್ತಿ ಸಮಾಧಾನದ ನಗುವಲ್ಲ, ಆದರೂ ನಕ್ಕರು.

ನಮ್ಮ ಕಟ್ಟಡದ ನಿವಾಸಿಗಳ ಸಂಘದ ಸಭೆಯಲ್ಲಿ ಆ ಸೀಸದ ತುಂಡನ್ನು ಮೇಜಿನ ಮೇಲಿಟ್ಟೆವು. ಅದುವರೆಗೆ ಪಾರ್ಕಿಂಗಿನ ಜಗಳದಲ್ಲಿ ಮುಳುಗಿದ್ದ ಸಭೆ ಒಂದು ಕ್ಷಣ ಸುಮ್ಮನಾಯಿತು. ಸುತ್ತಲಿನ ಮೂರು ಮದುವೆಯ ಹಾಲುಗಳಿಗೆ ಪತ್ರ ಬರೆದು, ಬುಕ್ಕಿಂಗ್ ಮಾಡಿಕೊಳ್ಳುವಾಗಲೇ ಗುಂಡು ಹಾರಿಸಬಾರದೆಂದು ಬರೆಸಿಕೊಳ್ಳಬೇಕೆಂದು ಕೇಳಿಕೊಂಡೆವು. ಇಬ್ಬರು ಒಪ್ಪಿದರು. ಮೂರನೆಯವರು ಚಹಾ ಕೊಟ್ಟು, ನೋಡೋಣವೆಂದರು. ಮತ್ತೊಮ್ಮೆ ಹೋಗಿ ಅವರ ಚಹಾ ಕುಡಿಯಬೇಕೆಂದಿದ್ದೇವೆ.

ವಾಚಕ ಮಹಾಶಯರಲ್ಲಿಯೂ, ಸೋದರಿಯರಲ್ಲಿಯೂ ನಮ್ಮ ಬಿನ್ನಹ ಇಷ್ಟೇ. ಈ ಸೀಮೆಯ ಸ್ನೇಹಿತರ ಮದುವೆಗೆ ನಾವೆಲ್ಲ ಹೋಗುತ್ತೇವೆ, ಹೋಗಲೇಬೇಕು. ಆಹ್ವಾನ ಬಂದಾಗಲೇ, ಗುಂಡಿನ ಸಂಭ್ರಮವೇನಾದರೂ ಉಂಟೋ ಎಂದು ನಗುನಗುತ್ತ ಕೇಳಿ. ಉಂಟೆಂದರೆ, ಮಕ್ಕಳನ್ನು ಕರೆತರುವುದಿಲ್ಲವೆಂದು ಹೇಳಿ. ಟೆಕ್ಸಾಸಿನ ಆ ತಾಯಿ ಕೇಳುವ ಪ್ರಶ್ನೆಗಿಂತ ಇದು ಕಠಿಣವಲ್ಲ. ಸದ್ದು ಕೇಳಿದರೆ ಮಕ್ಕಳನ್ನು ಬಾಲ್ಕನಿಯಿಂದಲೂ ತಾರಸಿಯಿಂದಲೂ ಒಳಗೆ ಕರೆದುಕೊಳ್ಳಿ. ಹೊತ್ತು ನೋಡಿಕೊಳ್ಳಿ, ಯಾವ ಬಾರಾತೆಂದು ನೋಡಿಕೊಳ್ಳಿ, 112ಕ್ಕೆ ಫೋನ್ ಮಾಡಿ. ಪಟ್ಟೆದಾರರಿಲ್ಲದ ಊರಿನಲ್ಲಿ ಆ ಕೆಲಸ ನೆರೆಹೊರೆಯವರ ಪಾಲಿಗೆ ಬರುತ್ತದೆ. ನಮ್ಮ ತೊಟ್ಟಿಯ ರಿಪೇರಿಗೆ ಹಣ ಹೋಯಿತು, ಹೋಗಲಿ. ಆ ತಾರಸಿಯಲ್ಲಿ ಮಗು ಮತ್ತೆ ಗಾಳಿಪಟ ಹಾರಿಸಬೇಕಲ್ಲ!